ಹಳೇ ಲೇಥ್‌ನಲ್ಲಿ ಗೇರ್ ಬೀಳುತ್ತಿಲ್ಲವೇ? ಬಲ ಬೇಡ, ಒಂದು ಹಾಳೆ ಸಾಕು

ಪಂಪ್‌ಸೆಟ್ಟಿನ ಶಾಫ್ಟ್ ಸವೆದರೂ ಟ್ರ್ಯಾಲಿಯ ಪಿನ್ ಮುರಿದರೂ ರೈತರು ಹುಡುಕಿಕೊಂಡು ಹೋಗುವುದು ಊರಿನ ಲೇಥ್ ಅಂಗಡಿಯನ್ನು. ಅಲ್ಲಿ ದಶಕಗಳಿಂದ ದುಡಿಯುತ್ತಿರುವ ಸಣ್ಣ ಬೆಲ್ಟ್ ಲೇಥ್‌ಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು ಎರಡು: ‘ಗೇರ್ ಬೀಳ್ತಿಲ್ಲ’, ‘ಥ್ರೆಡ್ ಹೊಡೆಯುವಾಗ ಗರಗರ ಅನ್ನುತ್ತೆ’. ಆಗ ಲಿವರ್ ಮೇಲೆ ಬಲ ಹಾಕುವುದು, ಗೇರ್‌ಗಳನ್ನು ಇನ್ನಷ್ಟು ಒತ್ತಿ ಬಿಗಿಯುವುದು ದೊಡ್ಡ ತಪ್ಪು. ಎರಕದ ಕಬ್ಬಿಣದ ಹಲ್ಲು ಬಾಗುವುದಿಲ್ಲ, ನೇರ ಮುರಿಯುತ್ತದೆ. ಗೇರ್‌ಗಳಿಗೆ ಬೇಕಾದದ್ದು ಬಿಗಿಯಲ್ಲ, ಹಲ್ಲುಗಳ ನಡುವೆ ಸರಿಯಾದ ಸಂದು.

1. ಕರೆಂಟ್ ತೆಗೆಯಿರಿ
ಸ್ವಿಚ್ ಆರಿಸಿದರೆ ಸಾಲದು, ಮೇನ್ ತೆಗೆಯಿರಿ. ಉಂಗುರ, ಗ್ಲೌಸ್, ಸಡಿಲ ತೋಳಿನ ಅಂಗಿ ಬೇಡ. ಕೊನೆಯ ಹಂತ ಬಿಟ್ಟು ಮುಂದಿನ ಪರೀಕ್ಷೆಗಳಲ್ಲೆಲ್ಲ ಚಕ್ಕನ್ನು ಕೈಯಿಂದಲೇ ತಿರುಗಿಸಿ.

2. ತೊಳೆದು ನೋಡಿ
ಮುಚ್ಚಳದ ಒಳಗಿನ ಗೇರ್‌ಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆಯಿರಿ. ಹಳೇ ಗ್ರೀಸಿನಲ್ಲಿ ಸಿಕ್ಕಿಕೊಂಡ ಲೋಹದ ಚೂರು ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೂತಿದ್ದರೆ ಗೇರ್ ಪೂರ್ತಿ ಕೂರುವುದಿಲ್ಲ. ಎಷ್ಟೋ ಸಲ ದೋಷ ಇಲ್ಲೇ ಮುಗಿದುಹೋಗುತ್ತದೆ.

3. ಎಲ್ಲಿ ತಡೆಯುತ್ತದೆ ಎಂದು ಗುರುತಿಸಿ
ಗೇರ್‌ಗಳನ್ನು ಮತ್ತೆ ಜೋಡಿಸಿ, ಪ್ರತಿಯೊಂದರ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ನಿಧಾನವಾಗಿ ತಿರುಗಿಸಿ. ತಡೆ ಬಂದಾಗಲೆಲ್ಲ ಯಾವ ಗೇರ್‌ನ ಗುರುತು ಅದೇ ಜಾಗಕ್ಕೆ ಬರುತ್ತದೋ ಅದರಲ್ಲೇ ದೋಷ. ಹಲ್ಲಿನ ಅಂಚು ಮಡಚಿಕೊಂಡಿದ್ದರೆ ಸಣ್ಣ ಅರದಿಂದ ಹಗುರವಾಗಿ ಉಜ್ಜಿ. ಹಲ್ಲು ಮುರಿದಿದ್ದರೆ ಗೇರನ್ನೇ ಬದಲಿಸಿ.

ಬದಲಿ ಗೇರ್ ಕೊಳ್ಳುವಾಗ ಹಲ್ಲಿನ ಎಣಿಕೆ ಸರಿಯಿದ್ದರೆ ಸಾಲದು, ಹಲ್ಲಿನ ಗಾತ್ರ, ಅಂದರೆ ಮಾಡ್ಯೂಲ್ ಕೂಡ ಹೊಂದಬೇಕು. ಹೊರವ್ಯಾಸವನ್ನು ಹಲ್ಲಿನ ಸಂಖ್ಯೆಗೆ 2 ಕೂಡಿಸಿ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. 40 ಹಲ್ಲಿನ ಗೇರ್ 84 ಮಿ.ಮೀ. ಇದ್ದರೆ, 84 ಭಾಗಿಸು 42, ಅಂದರೆ 2 ಮಾಡ್ಯೂಲ್. ಹಲ್ಲಿನ ಓರೆಯೂ (ಪ್ರೆಶರ್ ಆಂಗಲ್) ಒಂದೇ ಇರಬೇಕು. ಹಳೇ ಲೇಥ್‌ಗಳಲ್ಲಿ 14½ ಡಿಗ್ರಿಯದೂ ಉಂಟು, 20 ಡಿಗ್ರಿಯದೂ ಉಂಟು. ಬೆರಸಿದರೆ ಸದ್ದು ಬಿಡುವುದಿಲ್ಲ.

4. ಬುಷ್ ಮತ್ತು ಕೀ
ಗೇರನ್ನು ಹಿಡಿದು ಅಲ್ಲಾಡಿಸಿ. ಮೇಲೆ ಕೆಳಗೆ ಆಡಿದರೆ ಬುಷ್ ಸವೆದಿದೆ, ಶಾಫ್ಟ್ ಮೇಲೇ ಹಿಂದೆ ಮುಂದೆ ತಿರುಗಿದರೆ ಕೀ ಸಡಿಲ. ಇವೆರಡನ್ನೂ ಸರಿಪಡಿಸದೆ ಸಂದು ಹೊಂದಿಸಿದರೆ ಅದು ನಿಲ್ಲುವುದಿಲ್ಲ.

5. ಹಾಳೆಯಿಟ್ಟು ಸಂದು ಹೊಂದಿಸಿ
ನಡುವಿನ ಗೇರನ್ನು ಹೊತ್ತ ತೋಳಿನ, ಅಂದರೆ ಕ್ವಾಡ್ರಂಟ್‌ನ ನಟ್ಟುಗಳನ್ನು ಸಡಿಲಿಸಿ. ಮೊದಲು ಲೀಡ್ ಸ್ಕ್ರೂ ಗೇರ್‌ಗೂ ನಡುವಿನ ಗೇರ್‌ಗೂ ಮಧ್ಯೆ ನೋಟ್‌ಬುಕ್ ಹಾಳೆಯ ಚೂರು ಇಟ್ಟು ಒಂದಕ್ಕೊಂದು ಒತ್ತಿ, ನಟ್ ಬಿಗಿಯಿರಿ. ಆಮೇಲೆ ಇಡೀ ಕ್ವಾಡ್ರಂಟನ್ನು ಮೇಲಕ್ಕೆ ತಿರುಗಿಸಿ, ಮೇಲಿನ ಗೇರ್ ಹತ್ತಿರವೂ ಹಾಗೆಯೇ ಮಾಡಿ. ಈಗ ಚಕ್ ತಿರುಗಿಸಿ ಹಾಳೆಯನ್ನು ಹೊರತೆಗೆಯಿರಿ. ಅದು ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಹರಿಯದೆ ಬಂದರೆ ಸಂದು ಸರಿ. ಹರಿದಿದ್ದರೆ ಬಿಗಿ ಹೆಚ್ಚು, ಮಡಿಕೆ ಮಸುಕಾಗಿದ್ದರೆ ಸಡಿಲ. ಒಂದು ಸುತ್ತು ಪೂರ್ತಿ ತಿರುಗಿಸಿ, ನಾಲ್ಕು ಕಡೆ ಪರೀಕ್ಷಿಸಿ.

6. ಟಂಬ್ಲರ್ ಲಿವರ್
ಲೀಡ್ ಸ್ಕ್ರೂ ತಿರುಗುವ ದಿಕ್ಕು ಬದಲಿಸುವ ಈ ಲಿವರನ್ನು ಲೇಥ್ ಓಡುತ್ತಿರುವಾಗ ಮುಟ್ಟಬಾರದು. ನಿಂತಾಗಲೂ ಬೀಳದಿದ್ದರೆ ಹಲ್ಲಿಗೆ ಹಲ್ಲು ಎದುರಾಗಿರುತ್ತದೆ. ಚಕ್ಕನ್ನು ಸ್ವಲ್ಪ ಅಲ್ಲಾಡಿಸಿದರೆ ತಾನೇ ಬೀಳುತ್ತದೆ. ಬಿದ್ದದ್ದು ಹಾರಿ ಹೊರಬಂದರೆ ಲಿವರ್‌ನ ಪಿನ್, ಅದರ ಸ್ಪ್ರಿಂಗ್, ಪಿನ್ ಕೂರುವ ತೂತು ಇವುಗಳ ಸವೆತ ನೋಡಿ.

7. ಬ್ಯಾಕ್ ಗೇರ್
ಬ್ಯಾಕ್ ಗೇರ್ ಹಾಕುವ ಮೊದಲು ದೊಡ್ಡ ಗೇರನ್ನು ಪುಲ್ಲಿಗೆ ಸೇರಿಸುವ ಪಿನ್ ಹೊರಗೆಳೆಯಬೇಕು. ಎರಡೂ ಒಟ್ಟಿಗಿದ್ದರೆ ಸ್ಪಿಂಡಲ್ ಹಿಡಿದುಕೊಳ್ಳುತ್ತದೆ. ಬಿಗಿಯಾದ ಚಕ್ ಬಿಚ್ಚಲು ಇದನ್ನೇ ಬಳಸುವ ರೂಢಿಯಿದೆ. ದಯವಿಟ್ಟು ಬಿಡಿ. ಇಡೀ ಹೊಡೆತ ಒಂದೆರಡು ಹಲ್ಲಿನ ಮೇಲೆ ಬೀಳುತ್ತದೆ.

8. ಹಾಫ್ ನಟ್
ಕ್ಯಾರೇಜನ್ನು ಲೀಡ್ ಸ್ಕ್ರೂವಿಗೆ ಸೇರಿಸುವ ಹಾಫ್ ನಟ್‌ನ ಲಿವರ್ ಪೂರ್ತಿ ಇಳಿಯದಿದ್ದರೆ ಫೀಡ್ ಲಿವರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ. ಎರಡೂ ಒಟ್ಟಿಗೆ ಬೀಳದಂತೆ ಹಲವು ಲೇಥ್‌ಗಳಲ್ಲಿ ತಡೆ ಇರುತ್ತದೆ. ಆಮೇಲೆ ಲೀಡ್ ಸ್ಕ್ರೂವಿನ ಥ್ರೆಡ್ ಸಂದಿಯನ್ನು ಬ್ರಷ್ಷಿನಿಂದ ಉಜ್ಜಿ. ಥ್ರೆಡ್ ಹೊಡೆಯುವಾಗ ಇನ್ನೊಂದು ಎಚ್ಚರ ಬೇಕು. ಉದಾಹರಣೆಗೆ, ಇಂಚಿಗೆ 4 ಥ್ರೆಡ್ಡಿನ ಲೀಡ್ ಸ್ಕ್ರೂವಿನಲ್ಲಿ 2 ಮಿ.ಮೀ. ಪಿಚ್ ಹೊಡೆಯಲು 40 ಹಲ್ಲಿನ ಗೇರ್ 127 ಹಲ್ಲಿನದನ್ನು ತಿರುಗಿಸಬೇಕು. ಹೀಗೆ ಇಂಚಿನ ಸ್ಕ್ರೂವಿನಲ್ಲಿ ಮಿಲಿಮೀಟರ್ ಥ್ರೆಡ್ ಹೊಡೆಯುವಾಗ ಕೆಲಸ ಮುಗಿಯುವ ತನಕ ಹಾಫ್ ನಟ್ ಬಿಚ್ಚಬೇಡಿ. ಪ್ರತಿ ಪಾಸ್ ಮುಗಿದಾಗ ಟೂಲ್ ಹಿಂದೆ ತೆಗೆದು, ಮೋಟಾರನ್ನು ಉಲ್ಟಾ ಓಡಿಸಿ ವಾಪಸ್ ತನ್ನಿ.

9. ಓಡಿಸಿ ಕೇಳಿ
ಹಲ್ಲುಗಳಿಗೆ ಎಣ್ಣೆ ಹಾಕಿ, ಗೇರ್‌ಗಳ ಮುಚ್ಚಳ ಹಾಕಿ, ಅತಿ ಕಡಿಮೆ ವೇಗದಲ್ಲಿ ಓಡಿಸಿ.

• ಕೊಯ್ ಎಂದು ಕೂಗಿದರೆ: ಬಿಗಿ ಹೆಚ್ಚು
• ಕಟಕಟ ಎಂದರೆ: ಸಡಿಲ
• ಸುತ್ತಿಗೊಮ್ಮೆ ಟಕ್ ಎಂದರೆ: ಒಂದು ಹಲ್ಲಿನ ದೋಷ, ಇಲ್ಲವೇ ಬುಡದಲ್ಲಿ ಚೂರು

ಸದ್ದು ಸಮವಾದ ಮೇಲೆ, ಮಡಿಕೆ ಬಿದ್ದ ಆ ಹಾಳೆಯನ್ನು ಎಸೆಯಬೇಡಿ. ಅದರ ಮೇಲೆ ಯಾವ ಯಾವ ಗೇರ್ ಹಾಕಿದ್ದೀರಿ ಎಂದು ಬರೆದು ಮುಚ್ಚಳದ ಒಳಗೆ ಅಂಟಿಸಿ. ಮುಂದಿನ ಸಲ ಅದೇ ಜೋಡಣೆಗೆ ಬಂದಾಗ, ಹೊಸ ಹಾಳೆಯ ಮಡಿಕೆ ಆ ಹಳೆಯದಕ್ಕೆ ಹೋಲುತ್ತದೆಯೇ ನೋಡಿದರಾಯಿತು.