ವೆಬ್‌ಸೈಟಿಗೆ ಎರಡನೇ ವರ್ಷ ಬರುವ ಬಿಲ್ಲು

ಐದಾರು ಪುಟದ ಸಾದಾ ವೆಬ್‌ಸೈಟಿಗೆ ಹುಬ್ಬಳ್ಳಿಯಲ್ಲಿ ವಿಚಾರಿಸಿದರೆ ದರ ಎಂಟು-ಹತ್ತು ಸಾವಿರದಿಂದ ಶುರುವಾಗುತ್ತದೆ. ಅಲ್ಲೇ ಆರ್ಡರ್ ಹಾಕಬೇಕು, ಅಲ್ಲೇ ರೊಕ್ಕ ಕಟ್ಟಬೇಕು, ಕನ್ನಡ-ಇಂಗ್ಲಿಷ್ ಎರಡೂ ಇರಬೇಕು ಎಂದರೆ ನಲವತ್ತು, ಐವತ್ತು ಸಾವಿರಕ್ಕೆ ಏರುತ್ತದೆ. ಇನ್ನೂ ಮೇಲೆ ಹೇಳುವವರೂ ಇದ್ದಾರೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಸಣ್ಣ ವ್ಯಾಪಾರಸ್ಥರು ಚೌಕಾಸಿ ಮಾಡುವುದೆಲ್ಲ ಈ ಮೊದಲ ಅಂಕಿಯ ಮೇಲೆ. ಹದಿನೆಂಟು ಹೇಳಿದ್ದು ಹದಿನೈದಕ್ಕೆ ಇಳಿದರೆ ಸಮಾಧಾನದಿಂದ ಊರಿಗೆ ಮರಳುತ್ತಾರೆ. ಖರ್ಚಿನ ದೊಡ್ಡ ಪಾಲು ಆ ಅಂಕಿಯಲ್ಲಿ ಇರುವುದೇ ಇಲ್ಲ.

ಈ ಅಂಕಣಕಾರ್ತಿಗೆ ಅದು ಮನದಟ್ಟಾದದ್ದು ಕುಂದಗೋಳದ ವೈನಿಯ ಲೆಕ್ಕದ ಪುಸ್ತಕ ನೋಡುವಾಗ. ಸಂಘದ ಹೆಣ್ಣುಮಕ್ಕಳ ಜೊತೆ ಸೇರಿ ವೈನಿ ಬ್ಯಾಡಗಿ ಮೆಣಸಿನಕಾಯಿಯ ಖಾರಪುಡಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಮಾಡಿ ಮಾರುತ್ತಾರೆ. "ಎಲ್ಲಾ ಸೇರಿ ಹದಿನೆಂಟು ಸಾವಿರ" ಎಂಬ ಮಾತಿನ ಮೇಲೆ ಹುಬ್ಬಳ್ಳಿಯವರೊಬ್ಬರು ವೆಬ್‌ಸೈಟ್ ಮಾಡಿಕೊಟ್ಟರು. ನೋಡಲು ಚೆಂದವಿತ್ತು. ವರ್ಷ ತುಂಬುತ್ತಲೇ ವಾಟ್ಸ್‌ಆ್ಯಪ್‌ಗೆ ಬಿಲ್ಲು ಬಂತು. ಡೊಮೇನ್ ಮತ್ತು ಹೋಸ್ಟಿಂಗ್ 4,500, ಎಸ್‌ಎಸ್‌ಎಲ್ 2,000, ನಿರ್ವಹಣೆ 3,000. ಶೇ 18ರ ಜಿಎಸ್‌ಟಿ ಸೇರಿ 11,210 ರೂಪಾಯಿ.

"ಕಟ್ಟಲಿಲ್ಲಂದ್ರ ಏನಾಗ್ತೈತಿ?" ವೈನಿ ಫೋನ್ ಮಾಡಿ ಕೇಳಿದರು.

"ಸೈಟ್ ಬಂದ್ ಆಗ್ತೈತ್ರೀ ಅಕ್ಕಾರ. ಹೆಸರೂ ಹೋಗ್ತೈತಿ."

ಹೆಸರು ವೈನಿಯದಾಗಿರಲಿಲ್ಲ. ಡೊಮೇನ್ ನೋಂದಣಿಯಾಗಿದ್ದು ಮಾಡಿಕೊಟ್ಟವರ ಖಾತೆಯಲ್ಲಿ. ಅಷ್ಟೊತ್ತಿಗೆ ಆ ವಿಳಾಸ ಪ್ರತಿ ಪಾಕೀಟಿನ ಮೇಲೂ ಅಚ್ಚಾಗಿತ್ತು, ಸಂತೆಯ ಫ್ಲೆಕ್ಸ್‌ನಲ್ಲೂ ಇತ್ತು. ರೊಕ್ಕ ಕಟ್ಟದೆ ಬೇರೆ ದಾರಿ ಇರಲಿಲ್ಲ. ಅರ್ಧ ಕಿಲೋ ಚಟ್ನಿಗೆ ಖರ್ಚು ಕಳೆದು ಉಳಿಯುವುದು 40 ರೂಪಾಯಿ. ಆ ಬಿಲ್ಲು ಸುಮಾರು 280 ಪಾಕೀಟಿನ ಲಾಭವನ್ನು ತಿಂದಿತು. ಶೇಂಗಾ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ತೂಗಿ, ಪ್ಯಾಕ್ ಮಾಡಿದ ದುಡಿಮೆಯದು.

ಬಿಲ್ಲಿನ ಒಂದೊಂದೇ ಸಾಲು ನೋಡಬೇಕು. '.ಇನ್' ಎಂದು ಮುಗಿಯುವ ಹೆಸರುಗಳ ಉಸ್ತುವಾರಿ ಕೇಂದ್ರ ಸರ್ಕಾರದಡಿ ಬರುವ ನಿಕ್ಸಿ ಸಂಸ್ಥೆಯದು. ಅಂಥ ಹೆಸರನ್ನು ವರ್ಷಕ್ಕೊಮ್ಮೆ ನವೀಕರಿಸಲು ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸು ಸಾಕು. ಮೊದಲ ವರ್ಷ ನೂರು, ಇನ್ನೂರಕ್ಕೆ ಸಿಗುವ ರಿಯಾಯಿತಿ ನವೀಕರಣಕ್ಕೆ ಇರುವುದಿಲ್ಲ. ಕೆಲವು ಬ್ರೌಸರುಗಳಲ್ಲಿ ವಿಳಾಸದ ಪಕ್ಕ ಬೀಗದ ಗುರುತು ತರುವ ಎಸ್‌ಎಸ್‌ಎಲ್ ಅನ್ನು 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಲಾಭರಹಿತ ಸಂಸ್ಥೆ ಹತ್ತು ವರ್ಷದಿಂದ ಪುಕ್ಕಟೆ ಕೊಡುತ್ತಿದೆ. ಚಟ್ನಿ ಅಂಗಡಿಯಂಥ ತಾಣಕ್ಕೆ ಅದು ಧಾರಾಳವಾಯಿತು. 2003ರಲ್ಲಿ ಬಂದ ವರ್ಡ್‌ಪ್ರೆಸ್ ಕೂಡ ಪುಕ್ಕಟೆ. ಜಗತ್ತಿನ ಹತ್ತು ತಾಣಗಳಲ್ಲಿ ನಾಲ್ಕು ಅದರ ಮೇಲೆಯೇ ನಿಂತಿವೆ. ಹಾಗಾದರೆ ಗ್ರಾಹಕ ಯಾವುದಕ್ಕೆ ರೊಕ್ಕ ಕೊಡುತ್ತಾನೆ? ಮಾಡುವವರ ವೇಳೆಗೆ ಮತ್ತು ಬುದ್ಧಿಗೆ. ಆ ಕೂಲಿ ನ್ಯಾಯವಾದದ್ದು, ಅದನ್ನು ಕೊಡಲೇಬೇಕು. ಪುಕ್ಕಟೆ ವಸ್ತುವಿಗೆ ಬೆಲೆ ಹಚ್ಚಿ ಪ್ರತಿ ವರ್ಷ ವಸೂಲಿ ಮಾಡುವುದು ಮಾತ್ರ ಕೂಲಿಯಲ್ಲ.

ತೆರಿಗೆಯ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಜಿಎಸ್‌ಟಿ ನೋಂದಣಿ ಇಲ್ಲದವರಿಗೆ, ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಆ ಶೇ 18ನ್ನು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಪಡೆಯಲು ಬರುವುದಿಲ್ಲ. ವಹಿವಾಟಿನ ಶೇ 8 ಅಥವಾ ಡಿಜಿಟಲ್ ಜಮಾದ ಶೇ 6ನ್ನು ಲಾಭವೆಂದು ತೋರಿಸುವ ಅಂದಾಜು ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ವೆಬ್‌ಸೈಟಿನ ಖರ್ಚನ್ನು ಬೇರೆಯಾಗಿ ಕಳೆಯಲೂ ಅವಕಾಶವಿಲ್ಲ. ಹಳ್ಳಿಯ ಬಹಳಷ್ಟು ವ್ಯಾಪಾರಸ್ಥರಿಗೆ 11,210 ಎಂದರೆ ಪೂರ್ತಿ 11,210ವೇ.

ಬಿಲ್ಲಿನಲ್ಲಿ ಎಲ್ಲಿಯೂ ಬರೆಯದ ಖರ್ಚು ಫೋಟೋದ್ದು. ನವಲಗುಂದದ ಜಮಖಾನ ನೋಡಿದವರಿಗೆ ಅದು ಗೊತ್ತಾಗುತ್ತದೆ. ಹೆಣ್ಣುಮಕ್ಕಳು ಮನೆಯೊಳಗೇ ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುವ ಈ ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಪಗಡೆಯ ಹಾಸು, ನವಿಲು ಅದರ ಪ್ರಸಿದ್ಧ ವಿನ್ಯಾಸಗಳು. ಕೋಣೆಯ ಟ್ಯೂಬ್‌ಲೈಟಿನಲ್ಲಿ ಮೊಬೈಲ್ ಹಿಡಿದರೆ ಕೆಂಪು ಮಾಸುತ್ತದೆ, ಹಳದಿ ಹಸಿರಿಗೆ ತಿರುಗುತ್ತದೆ. ಫೋಟೋದಲ್ಲಿ ಒಂದು ಬಣ್ಣ ನೋಡಿ ಕೊಂಡ ಬೆಂಗಳೂರಿನ ಗಿರಾಕಿ ಕೈಗೆ ಬಂದದ್ದು ಇನ್ನೊಂದು ಎಂದು ತಿರುಗಿ ಕಳಿಸುತ್ತಾನೆ. ಆಗ ಹೋಗುವ ಕೊರಿಯರ್ ಖರ್ಚೂ ಬರುವ ಖರ್ಚೂ ನೇಯುವವಳ ಮೇಲೆಯೇ. ಮುಂಜಾನೆಯ ಬೆಳಕಿನಲ್ಲಿ ಜಮಖಾನವನ್ನು ಅಂಗಳದ ಗೋಡೆಗೆ ಇಳಿಬಿಟ್ಟು, ಅಂಚು ಒಮ್ಮೆ, ನೂಲಿನ ಎಳೆ ಒಮ್ಮೆ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿ ಅಳತೆ ತಿಳಿಯುವಂತೆ ಒಮ್ಮೆ ಹಿಡಿಯಬೇಕು. ಇದಕ್ಕೆ ಅರ್ಧ ದಿನ ಬೇಕು, ಫೋಟೋಗ್ರಾಫರ್ ಬಂದರೆ ಮೂರು-ನಾಲ್ಕು ಸಾವಿರವೂ ಬೇಕು. ಮೊದಲು ರೊಕ್ಕ ಹಾಕುವುದಿದ್ದರೆ ಇಲ್ಲಿ ಹಾಕಬೇಕು. ತಾಣದ ಬಣ್ಣ, ಮಿನುಗುವ ಬ್ಯಾನರುಗಳ ಸರದಿ ಆಮೇಲೆ.

ಕನ್ನಡಕ್ಕೂ ಖರ್ಚಿದೆ. ಪ್ರಿಂಟಿಂಗ್ ಪ್ರೆಸ್ಸಿನವರು 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿಕೊಟ್ಟ ಬರಹವನ್ನು ಹಾಗೆಯೇ ತಾಣಕ್ಕೆ ಹಾಕಿದರೆ ಅರ್ಥವಿಲ್ಲದ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಆ ತೊಂದರೆ ತಪ್ಪಿಸಲು ಕೆಲವರು ಬರಹವನ್ನೇ ಚಿತ್ರವಾಗಿ ಅಂಟಿಸುತ್ತಾರೆ. ಆಗ 'ಶೇಂಗಾ ಚಟ್ನಿ' ಎಂದು ಕನ್ನಡದಲ್ಲಿ ಹುಡುಕುವವರಿಗೆ ಆ ಅಂಗಡಿ ಸಿಗುವುದು ಕಷ್ಟ. ಯೂನಿಕೋಡಿನಲ್ಲೇ ಬರೆದುಕೊಡುತ್ತೀರಾ ಎಂದು ಮೊದಲೇ ಕೇಳಬೇಕು.

ಕಲಘಟಗಿಯ ಬಣ್ಣದ ತೊಟ್ಟಿಲಿನ ಲೆಕ್ಕವೇ ಬೇರೆ. ನಟ ಅಂಬರೀಶ್ 2018ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರು ಮೊದಲೇ ಹೇಳಿ ಮಾಡಿಸಿದ್ದ ಕಲಘಟಗಿ ತೊಟ್ಟಿಲು ನಟ ಯಶ್ ಅವರ ಮಗಳಿಗೆ ತಲುಪಿದಾಗ ಆ ಸುದ್ದಿ ರಾಜ್ಯದ ಪತ್ರಿಕೆ, ಟಿವಿಗಳಲ್ಲೆಲ್ಲ ಬಂತು. ಅಷ್ಟು ಪ್ರಚಾರ ಯಾವ ವೆಬ್‌ಸೈಟಿನಿಂದಲೂ ಸಿಗಲಾರದು. ಆದರೆ ಪ್ರಚಾರ ಬಂತೆಂದು ಕೈಗಳು ಹೆಚ್ಚುವುದಿಲ್ಲ. ಅರಗಿನ ಬಣ್ಣ ಹಚ್ಚಿ ಕೃಷ್ಣನ ಕತೆ, ದಶಾವತಾರ ಬರೆಯುವ ಮನೆಗಳು ಕೆಲವೇ ಕೆಲವು. ಒಂದು ತೊಟ್ಟಿಲು ಮುಗಿಯಲು ವಾರಗಟ್ಟಲೆ ಬೇಕು. ಇಂಥವರಿಗೆ ಆನ್‌ಲೈನ್ ಕೊಳ್ಳುವ ಸೌಲಭ್ಯವಿರುವ ಐವತ್ತು ಸಾವಿರದ ತಾಣ ಮಾರುವುದು ತಪ್ಪು ಎಂದೇ ಹೇಳಬೇಕು. ಅಳತೆ, ಬೆಲೆ, ಮುಂಗಡ ಎಷ್ಟು, ಎಷ್ಟು ವಾರ ಕಾಯಬೇಕು, ಹುಬ್ಬಳ್ಳಿಯಿಂದ ಲಾರಿ ಬಾಡಿಗೆ ಯಾರದು ಎಂದು ಬರೆದ ಒಂದೇ ಪುಟ, ಕೆಳಗೊಂದು ಫೋನ್ ನಂಬರ್ ಇದ್ದರೆ ಅವರ ವ್ಯವಹಾರ ನಡೆಯುತ್ತದೆ.

ಅಣ್ಣಿಗೇರಿಯಲ್ಲಿ ಕಡಲೆ, ಹೆಸರು ವ್ಯಾಪಾರ ಮಾಡುವವರಿಗೆ ಸದ್ಯಕ್ಕೆ ಅದೂ ಬೇಡ. ಅವರ ಕೊಳ್ಳುವವರು ಮಾರುಕಟ್ಟೆಯಲ್ಲೇ ಸಿಗುತ್ತಾರೆ.

ಹಾಗೆಂದು ಪುಕ್ಕಟೆ ಸಿಗುವುದನ್ನೇ ನಂಬಿ ಕೂಡ್ರಲೂ ಬರುವುದಿಲ್ಲ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ನೋಂದಾಯಿಸಲು ಖರ್ಚಿಲ್ಲ. 2018ರಲ್ಲಿ ಭಾರತಕ್ಕೆ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಇಡಲೂ ಖರ್ಚಿಲ್ಲ. ಎರಡನ್ನೂ ಈ ವಾರವೇ ಮಾಡಿಕೊಳ್ಳಬಹುದು. ಆದರೆ ಗೂಗಲ್ ಸಣ್ಣ ಅಂಗಡಿಗಳಿಗೆ ಕೊಟ್ಟಿದ್ದ ಪುಕ್ಕಟೆ ವೆಬ್‌ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ಆ ವಿಳಾಸವನ್ನು ಬೋರ್ಡಿನ ಮೇಲೆ ಬರೆಸಿದ್ದವರು ಬೋರ್ಡನ್ನೇ ಬದಲಿಸಬೇಕಾಯಿತು. ಸ್ವಂತ ಡೊಮೇನ್ ಇದ್ದರೆ ತಾಣವನ್ನು ಯಾರು ಮಾಡಿದರೂ, ಎಲ್ಲಿಗೆ ಒಯ್ದರೂ ವಿಳಾಸ ಉಳಿಯುತ್ತದೆ. ವರ್ಷಕ್ಕೆ ಸಾವಿರ ರೂಪಾಯಿ ಅದಕ್ಕೆ ಹೆಚ್ಚಲ್ಲ.

ಹಣ ಜಮಾ ಆಗುವ ದಾರಿಯಲ್ಲೂ ವ್ಯತ್ಯಾಸವಿದೆ. ಅಂಗಡಿಯ ಯುಪಿಐ ಕ್ಯೂಆರ್‌ಗೆ ಗಿರಾಕಿ ತನ್ನ ಬ್ಯಾಂಕ್ ಖಾತೆಯಿಂದ 500 ಹಾಕಿದರೆ 500 ಪೂರ್ತಿ ಬರುತ್ತದೆ. ತಾಣದ ಪೇಮೆಂಟ್ ಗೇಟ್‌ವೇ ಸಾಮಾನ್ಯವಾಗಿ ಶೇ 2 ಹಿಡಿಯುತ್ತದೆ, ಅದರ ಮೇಲೆ ಜಿಎಸ್‌ಟಿ. 500ಕ್ಕೆ 11 ರೂಪಾಯಿ 80 ಪೈಸೆ ಹೋಯಿತು. ನಲವತ್ತು ರೂಪಾಯಿ ಲಾಭದ ಪಾಕೀಟು ಮಾರುವವರು ಇದನ್ನು ಬೆಲೆಗೆ ಸೇರಿಸದಿದ್ದರೆ ಕೈಯಿಂದ ಹಾಕಬೇಕಾಗುತ್ತದೆ.

ವೈನಿ ಈಗ ಡೊಮೇನನ್ನು ತಮ್ಮ ಮೊಬೈಲ್, ತಮ್ಮ ಇಮೇಲ್ ಇರುವ ಖಾತೆಗೆ ತಂದುಕೊಂಡಿದ್ದಾರೆ. ಎಂಟು ಪುಟದ ತಾಣ ಎರಡಕ್ಕೆ ಇಳಿದಿದೆ. ಆರ್ಡರುಗಳು ಬರುವುದು ವಾಟ್ಸ್‌ಆ್ಯಪ್‌ಗೇ. ವರ್ಷದ ಖರ್ಚು ನಾಲ್ಕು ಸಾವಿರದೊಳಗೆ ನಿಂತಿದೆ.

ನವಲಗುಂದದ ಜಮಖಾನಕ್ಕೆ ಮಾತ್ರ ಒಳ್ಳೆಯ, ದುಬಾರಿ ವೆಬ್‌ಸೈಟೇ ಬೇಕು. ನಿಜವಾದದ್ದು ಯಾವುದು, ಅದರ ಹೆಸರಿನಲ್ಲಿ ಮಾರುವ ಯಂತ್ರದ ಮಾಲು ಯಾವುದು ಎಂದು ದೂರದ ಗಿರಾಕಿಗೆ ತೋರಿಸಲು ಅಂಥ ಜಾಗ ಅಗತ್ಯ. ಆದರೆ ಮನೆಗೊಂದು ತಾಣ ಬೇಡ. ಐವತ್ತು ಸಾವಿರಕ್ಕೆ ಒಂದೇ ತಾಣ ಮಾಡಿಸಿ ಇಪ್ಪತ್ತು ಮನೆಯವರು ಹಂಚಿಕೊಂಡರೆ ತಲಾ 2,500 ಬೀಳುತ್ತದೆ. ವರ್ಷದ ಖರ್ಚು ಹನ್ನೆರಡು ಸಾವಿರವಾದರೆ ತಲಾ 600. ಧಾರವಾಡದ ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳು ಕೈಜೋಡಿಸಿದರೆ ಅದೂ ಇಳಿಯುತ್ತದೆ. ಅವರು ಈ ಕೆಲಸಕ್ಕೆ ಮುಂದೆ ಬರಲಿ. ಡೊಮೇನ್ ಮಾತ್ರ ನೇಯುವ ಹೆಣ್ಣುಮಕ್ಕಳ ಸಂಘದ ಹೆಸರಿನಲ್ಲೇ ನೋಂದಣಿಯಾಗಲಿ.