ಎಂಜಿನ್‌ಗಿಂತ ಮೊದಲು ರಬ್ಬರ್

ಬೀದರ ಜಿಲ್ಲೆಯ ನಮ್ಮ ಸಾಯಗಾಂವದ ಕಡೆ ಕಾರು ಕೊಳ್ಳಲು ಹೊರಟವರು ಕೇಳುವುದು ಎರಡೇ ಮಾತು: ‘ಎಷ್ಟು ಕೊಡ್ತದ?’, ‘ಎಷ್ಟು ವರ್ಷ ಬರ್ತದ?’ ಮೊದಲನೆಯದು ಮೈಲೇಜಿನ ಪ್ರಶ್ನೆ, ಅದಕ್ಕೆ ಪೆಟ್ರೋಲ್ ಬಂಕೇ ಉತ್ತರ ಹೇಳುತ್ತದೆ. ಎರಡನೆಯದು ನಿಜವಾದ ಹಣದ ಪ್ರಶ್ನೆ. ಮಧ್ಯಮ ಗಾತ್ರದ ಸೆಡಾನು ಮನೆಗೆ ಬಂದಮೇಲೆ ಹತ್ತು ವರ್ಷ ನೆಮ್ಮದಿಯಿಂದ ಓಡಿದರೆ ಮಗಳ ಓದಿಗೆ ಒಂದಿಷ್ಟು ದುಡ್ಡು ಉಳಿಯುತ್ತದೆ. ಐದೇ ವರ್ಷಕ್ಕೆ ಬೇಸರ ಬಂದು ಬದಲಿಸಿದರೆ ಅದೇ ದುಡ್ಡು ಶೋರೂಮಿಗೆ ಹೋಗುತ್ತದೆ.

ನನ್ನದು ಸೆಕೆಂಡ್ ಹ್ಯಾಂಡ್ ಟೊಯೊಟಾ ಎಟಿಯೋಸ್, ಪೆಟ್ರೋಲ್ ಗಾಡಿ. 2010ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದು, 2020ರಲ್ಲಿ ಬಿಎಸ್-6 ನಿಯಮ ಜಾರಿಯಾಗುವ ಹೊತ್ತಿಗೆ ನಿಂತುಹೋದ ಮಾಡೆಲ್. ಕಟ್ಟಿದ್ದು ನಮ್ಮ ರಾಜ್ಯದ ಬಿಡದಿಯಲ್ಲೇ. ಒಳಗೆ ಕೂತರೆ ಶ್ರೀಮಂತಿಕೆಯ ಭಾವನೆ ಏನೂ ಬರುವುದಿಲ್ಲ, ಮೀಟರೂ ಡ್ಯಾಶ್‌ಬೋರ್ಡಿನ ನಡುಮಧ್ಯೆ ಇದೆ. ಆದರೆ 595 ಲೀಟರಿನ ಡಿಕ್ಕಿಯಲ್ಲಿ ತೊಗರಿ ಚೀಲವೂ ಹಿಡಿಯುತ್ತದೆ, ಮದುವೆಗೆ ಹೊರಟವರ ಬ್ಯಾಗೂ ಹಿಡಿಯುತ್ತದೆ. 1,496 ಸಿಸಿಯ ಎಂಜಿನ್ ಸರಳವಾದದ್ದು, ಟರ್ಬೊ ಇಲ್ಲ. ಟ್ಯಾಕ್ಸಿಯವರು ವರ್ಷಗಟ್ಟಲೆ ಹಗಲು ರಾತ್ರಿ ಓಡಿಸಿದ ಮಾಡೆಲ್ ಆದ್ದರಿಂದ ಬಿಡಿಭಾಗವೂ ಸಿಗುತ್ತದೆ, ಅದರ ಕೈಗುಣ ಬಲ್ಲ ಮಿಸ್ತ್ರಿಯೂ ಸಿಗುತ್ತಾನೆ. 1998ರಿಂದ ಇಲ್ಲಿರುವ ಹೋಂಡಾ ಸಿಟಿಗೂ, 2014ರಿಂದ 2025ರವರೆಗೆ ಮಾರಾಟದಲ್ಲಿದ್ದ ಮಾರುತಿ ಸಿಯಾಜ್‌ಗೂ ಇದೇ ಲೆಕ್ಕ ಹೊಂದುತ್ತದೆ. ಬಹಳ ಮಂದಿ ಬಹಳ ದಿನ ಓಡಿಸಿದ ಗಾಡಿಯ ರೋಗ ಎಲ್ಲರಿಗೂ ಗೊತ್ತಿರುತ್ತದೆ, ಮದ್ದೂ ಗೊತ್ತಿರುತ್ತದೆ.

ಭಾಲ್ಕಿಯ ನಮ್ಮ ಮಿಸ್ತ್ರಿ ಒಮ್ಮೆ ಗಾಡಿಯ ಕೆಳಗಿಂದ ಎದ್ದು ಕೈ ಒರೆಸಿಕೊಳ್ಳುತ್ತ ಹೇಳಿದ: ‘ಮಾಸ್ತರ್, ಎಂಜಿನ್ ಚಿಂತಿ ಬಿಡ್ರಿ. ಆಯಿಲ್ ಟೈಮಿಗೆ ಹಾಕಿದ್ರ ಅದು ನಿಮಗಿಂತ ಗಟ್ಟಿ ಅದ. ರಬ್ಬರ್ ನೋಡ್ಕೊಳ್ರಿ.’ ಹಳೆ ಸೆಡಾನಿನ ಹಣಕಾಸೆಲ್ಲ ಈ ಮಾತಿನಲ್ಲಿದೆ. ಲೋವರ್ ಆರ್ಮ್ ಬುಷ್, ಎಂಜಿನ್ ಮೌಂಟಿಂಗ್, ಆಕ್ಸಲ್ ಬೂಟ್, ರೇಡಿಯೇಟರ್ ಹೋಸ್, ಫ್ಯಾನ್ ಬೆಲ್ಟ್, ಟೈರ್ ಎಲ್ಲವೂ ರಬ್ಬರೇ. ಇವು ಕಿಲೋಮೀಟರಿಗೆ ಮಾತ್ರ ಸವೆಯುವುದಿಲ್ಲ. ಗಾಡಿ ನಿಂತಲ್ಲೇ ನಿಂತಿದ್ದರೂ ಬಿಸಿಲಿಗೆ, ಧೂಳಿಗೆ, ವಯಸ್ಸಿಗೆ ಸೀಳುತ್ತವೆ. ಹಳ್ಳಿಯ ಕಾರು ಕಡಿಮೆ ಓಡುತ್ತದೆ: ವಾರಕ್ಕೊಮ್ಮೆ ಭಾಲ್ಕಿ, ಆಗೊಮ್ಮೆ ಬೀದರ, ದವಾಖಾನೆಗೆಂದು ಉದಗೀರ ಅಥವಾ ಹೈದರಾಬಾದ್. ಮೀಟರಿನಲ್ಲಿ ಅಂಕಿ ಕಡಿಮೆ ಇದೆ ಎಂದು ಖುಷಿಪಡುವವರು ಈ ವಯಸ್ಸಿನ ಲೆಕ್ಕ ಮರೆಯುತ್ತಾರೆ. ಹತ್ತು ಸಾವಿರ ಕಿಲೋಮೀಟರ್ ಆಗಿರದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಬ್ರೇಕ್ ಆಯಿಲ್ ಎರಡು ವರ್ಷಕ್ಕೆ. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕಂಕಿಯನ್ನೂ ಓದಿ: 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರ್. ಗೀಟು ಎಷ್ಟೇ ಆಳವಿರಲಿ, ಅದು ಮುದಿ ಟೈರೇ.

ನೀರಿನ ವಿಷಯ ಬೇರೆಯಾಗಿ ಹೇಳಬೇಕು. ರೇಡಿಯೇಟರಿಗೆ ಕೂಲಂಟ್ ಬದಲು ಬೋರಿನ ನೀರು ಹಾಕುವುದು ನಮ್ಮಲ್ಲಿ ರೂಢಿ. ಗಡಸು ನೀರು ಒಳಗೆ ಸುಣ್ಣದ ಪದರು ಕಟ್ಟುತ್ತದೆ, ಬೇಸಿಗೆಯಲ್ಲಿ ಎಂಜಿನ್ ಕಾಯುತ್ತದೆ. ನಮ್ಮ ಸೋದರಮಾವನ ಮಗ ಉದಗೀರದ ದಾರಿಯಲ್ಲಿ ಹೋಸ್ ಸೀಳಿದ್ದು ಗೊತ್ತಾದರೂ ‘ಇನ್ನೇನು ಬಂತು’ ಎಂದು ಎಳೆದುಕೊಂಡೇ ಹೋದ. ಕೆಲವು ನೂರು ರೂಪಾಯಿಯ ಹೋಸಿನ ಕೆಲಸ ಹೆಡ್ ಗ್ಯಾಸ್ಕೆಟ್ಟಿನವರೆಗೆ ಮುಟ್ಟಿ, ಬಿಲ್ಲು ಹತ್ತಾರು ಸಾವಿರಕ್ಕೆ ಏರಿತು. ಎಂಜಿನ್ ಕೈಕೊಟ್ಟಿತು ಎಂದು ಆತ ಇಂದಿಗೂ ಹೇಳುತ್ತಾನೆ. ಎಂಜಿನ್ ಕೈಕೊಟ್ಟಿರಲಿಲ್ಲ.

ಈಗ ಪೆಟ್ರೋಲಿನಲ್ಲೇ ಶೇ 20 ಎಥನಾಲ್ ಇದೆ. ನಮ್ಮ ಜಿಲ್ಲೆಯಂಥ ಕಬ್ಬಿನ ಸೀಮೆಗೆ ಇದು ಪರಕೀಯ ವಿಷಯವಲ್ಲ, ಕಬ್ಬಿನ ಬಿಲ್ಲು ಬೇಗ ಕೈಸೇರಲಿ ಎಂದು ಎಥನಾಲನ್ನು ಹಾರೈಸುವವರೂ ನಾವೇ. ಆದರೆ 2023ಕ್ಕಿಂತ ಹಿಂದಿನ ಹೆಚ್ಚಿನ ಗಾಡಿಗಳು ಇಷ್ಟು ಎಥನಾಲಿಗೆಂದು ತಯಾರಾದವಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ಕೆಲವು ಹಳೆ ಗಾಡಿಗಳಲ್ಲಿ 20–30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿತು. ಅಲ್ಲಿಯೂ ಸುತ್ತಿ ಬಂದದ್ದು ರಬ್ಬರಿಗೇ.

ಇಷ್ಟೆಲ್ಲ ಖರ್ಚು ಮಾಡುವ ಬದಲು ಹೊಸದನ್ನೇ ತರಬಾರದೇ ಎಂದು ಮನೆಯಲ್ಲಿ ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಎಕ್ಸ್-ಶೋರೂಮ್ 12 ಲಕ್ಷದ ಸೆಡಾನ್ ಎಂದಿಟ್ಟುಕೊಳ್ಳಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಜೀವಾವಧಿ ತೆರಿಗೆ ಶೇ 17, ಅಂದರೆ ₹2.04 ಲಕ್ಷ. ಮೇಲೆ ಸೆಸ್ ಬೇರೆ. 10 ಲಕ್ಷ ಸಾಲ, ಶೇ 9 ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು ₹20,760, ಒಟ್ಟು ಬಡ್ಡಿ ₹2.46 ಲಕ್ಷ. ಕಂತು ಹಗುರಾಗಲಿ ಎಂದು ಏಳು ವರ್ಷಕ್ಕೆ ಎಳೆದರೆ ಬಡ್ಡಿಯೇ ₹3.5 ಲಕ್ಷ ಆಗುತ್ತದೆ. ವಿಮೆಯವರ ಸವಕಳಿ ಪಟ್ಟಿಯಂತೆ ಐದನೇ ವರ್ಷದ ಹೊತ್ತಿಗೆ ಗಾಡಿಯ ಬೆಲೆ ಅರ್ಧಕ್ಕಿಳಿಯುತ್ತದೆ, ಅಂದರೆ ₹6 ಲಕ್ಷ ಹೋಯಿತು. ತೆರಿಗೆ, ಐದು ವರ್ಷದ ಬಡ್ಡಿ, ಸವಕಳಿ ಮೂರನ್ನೂ ಕೂಡಿಸಿದರೆ ₹10.5 ಲಕ್ಷ. ವರ್ಷಕ್ಕೆ ₹2.1 ಲಕ್ಷ. ಇದರಲ್ಲಿ ಪೆಟ್ರೋಲ್, ವಿಮೆ, ಸರ್ವಿಸ್ ಯಾವುದೂ ಸೇರಿಲ್ಲ.

ಹಳೆ ಗಾಡಿಗೆ ಒಂದು ವರ್ಷ ಸಸ್ಪೆನ್ಷನ್ನು, ಮರುವರ್ಷ ಟೈರು, ಅದರಾಚೆ ಕ್ಲಚ್ಚು, ಬ್ಯಾಟರಿ ಎಂದು ವರ್ಷಕ್ಕೆ ₹60,000 ಹೋದರೂ ಅದು ಹೊಸ ಗಾಡಿಯ ವಾರ್ಷಿಕ ನಷ್ಟದ ಮೂರನೇ ಒಂದು ಭಾಗವೂ ಅಲ್ಲ. ವ್ಯತ್ಯಾಸ ಇಷ್ಟೇ: ರಿಪೇರಿಯ ಬಿಲ್ಲು ಕೈಗೆ ಬರುತ್ತದೆ, ಉರಿಯುತ್ತದೆ. ಸವಕಳಿಗೆ ಯಾರೂ ಬಿಲ್ಲು ಕೊಡುವುದಿಲ್ಲ.

ಆದ್ದರಿಂದ ನಾನು ತಿಂಗಳಿಗೆ ₹5,000 ಗಾಡಿಯ ಹೆಸರಿನಲ್ಲಿ ಬೇರೆ ಖಾತೆಗೆ ಹಾಕುತ್ತೇನೆ. ಒಕ್ಕಲುತನದವರು ತಿಂಗಳ ಬದಲು ಸೋಯಾ ಅಥವಾ ತೊಗರಿ ಮಾರಿದಾಗ ಒಮ್ಮೆಲೇ ತೆಗೆದಿಡಬಹುದು. ಕೆಟ್ಟಮೇಲೆ ಹೋಗದೆ ರಾಶಿ ಮುಗಿದ ಕೂಡಲೇ ಗಾಡಿಯನ್ನು ಲಿಫ್ಟಿಗೆ ಹಾಕಿಸಿ, ಮಿಸ್ತ್ರಿಯಿಂದ ರಬ್ಬರನ್ನೆಲ್ಲ ಮುಟ್ಟಿಸಿ ನೋಡಿಸುತ್ತೇನೆ. ರಾಶಿಯ ಧೂಳು ತುಂಬಿದ ಏರ್ ಫಿಲ್ಟರನ್ನೂ, ಕಾಳಿನ ಚೀಲದ ಪಕ್ಕ ನಿಂತ ಗಾಡಿಯಲ್ಲಿ ಇಲಿ ಕಡಿದ ವೈರನ್ನೂ ಆಗಲೇ ನೋಡುವುದು ಒಳ್ಳೆಯದು.

‘15 ವರ್ಷ ಆದ್ರ ಗುಜರಿಗೇ ಅಲ್ರೀ?’ ಎಂದು ಕೇಳುವವರಿಗೆ: ವಯಸ್ಸು ನೋಡಿ ಗಾಡಿ ತಡೆಯುವ ನಿಯಮ ದೆಹಲಿ ಸುತ್ತಲಿನದು. ಇಲ್ಲಿ ಭಾಲ್ಕಿಯ ಆರ್‌ಟಿಒ ಕಚೇರಿಯಲ್ಲಿ, ಅಂದರೆ ಕೆಎ-39ರಲ್ಲಿ, ತಪಾಸಣೆ ಪಾಸಾದರೆ ನೋಂದಣಿ ಐದು ವರ್ಷಕ್ಕೆ ನವೀಕರಣವಾಗುತ್ತದೆ. ಮೊದಲು ₹600 ಇದ್ದ ಕಾರಿನ ಶುಲ್ಕ 2022ರ ಏಪ್ರಿಲ್‌ನಿಂದ ₹5,000. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಿಂದ ₹10,000. ಹಸಿರು ತೆರಿಗೆ ಬೇರೆ. ಬೆಲೆ ಇಳಿದ ಗಾಡಿಗೆ ಥರ್ಡ್ ಪಾರ್ಟಿ ವಿಮೆ ಸಾಕೆನಿಸಿದರೆ, 2022ರ ಜೂನ್‌ನಲ್ಲಿ ಬಂದ ದರದಂತೆ 1000–1500 ಸಿಸಿಗೆ ₹3,416, ಜಿಎಸ್‌ಟಿ ಸೇರಿ ಸುಮಾರು ₹4,031.

ಗಡಿಯಲ್ಲಿರುವ ನಮಗೆ ಹೈದರಾಬಾದ್, ಲಾತೂರಿನ ಅಗ್ಗದ ಗಾಡಿಗಳ ಆಸೆ ಯಾವಾಗಲೂ ಇರುತ್ತದೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಎನ್‌ಒಸಿ ತಂದು ಮರುನೋಂದಣಿ ಮಾಡಿಸಬೇಕು. ಗಾಡಿಯ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕು. ಅದನ್ನು ಸೇರಿಸಿಯೇ ಚೌಕಾಸಿ ಮಾಡಿ. ಹಿಂದೆ ಹಳದಿ ಬೋರ್ಡ್ ಇತ್ತೇ ಎಂದು ಆರ್‌ಸಿಯ ಪೂರ್ವಚರಿತ್ರೆ ನೋಡಿ. ಟ್ಯಾಕ್ಸಿಯವರು ಮೆಚ್ಚಿದ ಮಾಡೆಲ್ ಬೇರೆ, ಟ್ಯಾಕ್ಸಿಯಾಗಿಯೇ ದುಡಿದು ದಣಿದ ಗಾಡಿ ಬೇರೆ.

ದುಡ್ಡಿನ ಲೆಕ್ಕ ಒಂದು ಕಡೆ ಸೋಲುತ್ತದೆ, ಅದು ಸುರಕ್ಷತೆ. ಏರ್‌ಬ್ಯಾಗ್, ಎಬಿಎಸ್ ಇಲ್ಲದ ಹಳೆ ಗಾಡಿಗೆ ಯಾವ ಮಿಸ್ತ್ರಿಯೂ ಅವನ್ನು ಸೇರಿಸಲಾರ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವವರು ಅಂಥ ಗಾಡಿಯನ್ನು ಉಳಿತಾಯದ ಹೆಸರಿನಲ್ಲಿ ಇಟ್ಟುಕೊಳ್ಳಬಾರದು.

ಉಳಿದವರಿಗೆ ನನ್ನ ಸೂತ್ರ ಹೀಗಿದೆ. ಹೊಸ ಗಾಡಿಯ ವಾರ್ಷಿಕ ನಷ್ಟದ ಅರ್ಧದಷ್ಟು, ಅಂದರೆ ಲಕ್ಷ ರೂಪಾಯಿಯ ಆಸುಪಾಸು, ಎರಡು ವರ್ಷ ಬೆನ್ನುಬೆನ್ನಿಗೆ ರಿಪೇರಿಗೆ ಹೋದರೆ ಮಾರಿಬಿಡಿ. ಅಲ್ಲಿಯವರೆಗೆ, ಸಾಲ ತೀರಿದ ಮರುತಿಂಗಳಿನಿಂದ ಹಳೆ ಕಂತಿನ ಅರ್ಧ, ₹10,000, ಅಂಚೆ ಕಚೇರಿಯ ಆರ್‌ಡಿಗೆ ಹಾಕಿ. ಶೇ 6.7 ಬಡ್ಡಿಯಲ್ಲಿ ಐದು ವರ್ಷಕ್ಕೆ ಸುಮಾರು ₹7.13 ಲಕ್ಷ ಕೈಗೆ ಬರುತ್ತದೆ. ಮುಂದಿನ ಕಾರಿಗೆ ಸಾಲ ಬೇಕಾದರೂ ಅರ್ಧಕ್ಕಿಂತ ಕಡಿಮೆ ಸಾಕು, ಬಡ್ಡಿಯೂ ಅಷ್ಟಕ್ಕೇ ನಿಲ್ಲುತ್ತದೆ.