ಮೈದುಂಬಿದ ಆಕಳು, ಒಳಗಿನ ಕ್ಷಯ

ಚಿತ್ತವಾಡ್ಗಿ, ಹೊಸಪೇಟೆ

ಪ್ರೀತಿಯ ಸೊಸೆಗೆ,

ವೆಟರ್ನರಿ ಕಾಲೇಜಿನಿಂದ ನೀನು ಬರೆದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಮೇವು ಬಿಡದ, ಹಾಲು ಕಡಿಮೆಯಾಗದ, ಮೈ ಮಿರಮಿರ ಮಿಂಚುವ ಎಚ್‌ಎಫ್ ತಳಿಯ ಆಕಳಿಗೆ ಕ್ಷಯ ಇದೆ ಎಂದರೆ ಮಾಲೀಕ ಹೇಗೆ ನಂಬಬೇಕು? ನಂಬುವುದಿಲ್ಲ. ಕಬ್ಬಿನ ಸೋಗೆ ತಿಂದು ಮೈಬಿಟ್ಟ ದನವನ್ನು ಕಣ್ಣಳತೆಯಲ್ಲೇ ಕೊಳ್ಳುವ ಊರು ನಮ್ಮದು. ಅದಕ್ಕೇ ಹೇಳುತ್ತೇನೆ, ಮೈಕಟ್ಟು ನೋಡಿ ತೀರ್ಪು ಕೊಡಬೇಡ. ರಕ್ತದ ಬಿಳಿಕೋಶಗಳು ಒಳಗೆ ಏನು ಮಾಡುತ್ತಿವೆ ಎಂಬುದನ್ನು ಓದಲು ಕಲಿ.

ರೋಗಾಣು ಹೆಚ್ಚಾಗಿ ಉಸಿರಿನಲ್ಲೇ ಬರುತ್ತದೆ. ಗಾಳಿಯಾಡದ ಕೊಟ್ಟಿಗೆಯಲ್ಲಿ ಒತ್ತೊತ್ತಾಗಿ ಕಟ್ಟಿದ ದನಗಳ ನಡುವೆ ಒಂದು ಕೆಮ್ಮುತ್ತಿದ್ದರೆ ಸಾಕು. ಶ್ವಾಸಕೋಶದ ಗಾಳಿಗೂಡುಗಳಲ್ಲಿರುವ ಮ್ಯಾಕ್ರೊಫೇಜ್ ಎಂಬ ಕೋಶ ಅದನ್ನು ನುಂಗುತ್ತದೆ. ಬೇರೆ ಬ್ಯಾಕ್ಟೀರಿಯಾ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇದಕ್ಕೆ ಮೇಣದ ಹೊದಿಕೆ ಇದೆ. ತನ್ನನ್ನು ಅರಗಿಸಬೇಕಾದ ಕಿಣ್ವಗಳು ಹತ್ತಿರ ಸುಳಿಯದಂತೆ ತಡೆದು, ನುಂಗಿದ ಕೋಶದೊಳಗೇ ಬದುಕಿ ಹೆಚ್ಚುತ್ತದೆ.

ಆಗ ಬೇಗ ಓಡಿ ಬರುವವುಗಳಲ್ಲಿ ಗಾಮಾ-ಡೆಲ್ಟಾ ಟಿ ಕೋಶಗಳಿವೆ. ಮನುಷ್ಯರ ರಕ್ತದ ಲಿಂಫೋಸೈಟ್‌ಗಳಲ್ಲಿ ಇವು ಸಾಮಾನ್ಯವಾಗಿ ನೂರಕ್ಕೆ ಐದರ ಆಸುಪಾಸು. ಎಳೆಗರುವಿನಲ್ಲಿ ಅರ್ಧಕ್ಕೂ ಮೀರಿರಬಹುದು. ಪಠ್ಯಪುಸ್ತಕದಲ್ಲಿ ಇಲಿಯ ಬಗ್ಗೆ ಓದಿದ್ದನ್ನು ಕರುವಿಗೆ ಹಾಗೇ ಹೊಂದಿಸಬೇಡ. ಕೆಲವು ವಾರಗಳಲ್ಲಿ ಸಿಡಿ4 ಟಿ ಕೋಶಗಳು ತಯಾರಾಗಿ ಇಂಟರ್‌ಫೆರಾನ್-ಗಾಮಾ ಸ್ರವಿಸುತ್ತವೆ. ಅದು ತಾಗಿದ ಮ್ಯಾಕ್ರೊಫೇಜ್‌ಗೆ ಕೊಲ್ಲುವ ಕಸುವು ಬರುತ್ತದೆ. ಕೊಲ್ಲಲಾಗದ್ದನ್ನು ಎಲ್ಲವೂ ಸೇರಿ ಸುತ್ತುಗಟ್ಟಿ ನಿಲ್ಲುತ್ತವೆ. ಅದೇ ಗ್ರ್ಯಾನುಲೋಮ.

ಶವಪರೀಕ್ಷೆಗೆ ನಿಂತಾಗ ಗಂಟಲ ಹಿಂದಿನ ಮತ್ತು ಶ್ವಾಸನಾಳದ ಬುಡದ ದುಗ್ಧಗ್ರಂಥಿಗಳನ್ನು ಬಿಡದೆ ಸೀಳಿ ನೋಡು. ಹೊರಗೆ ನಾರಿನ ಪದರ, ಒಳಗೆ ಪುಡಿಪುಡಿಯಾದ ಗಿಣ್ಣಿನಂಥ ಹಳದಿ ತಿರುಳು. ಸುಣ್ಣ ಕೂಡಿದ್ದರೆ ಚಾಕು ಕರಕರ ಎನ್ನುತ್ತದೆ. ಇಷ್ಟೆಲ್ಲ ಹೊತ್ತುಕೊಂಡೇ ಆ ಆಕಳು ಹಾಲು ಕೊಟ್ಟಿರುತ್ತದೆ. ಕೋಶಗಳು ಸೋತಿರಲಿಲ್ಲ, ಅದಕ್ಕೇ ಗಟ್ಟಿಯಾಗಿ ಕಂಡಿತ್ತು. ಗೆದ್ದೂ ಇರಲಿಲ್ಲ. ಗಂಟು ಒಡೆದು ಶ್ವಾಸನಾಳಕ್ಕೆ ಬಾಯಿ ಬಿಟ್ಟರೆ ಪಕ್ಕದ ದನಕ್ಕೆ ಹರಡುತ್ತದೆ.

ಟ್ಯೂಬರ್‌ಕ್ಯುಲಿನ್ ಪರೀಕ್ಷೆ ಹಿಡಿಯುವುದು ಈ ಕೋಶಗಳ ನೆನಪನ್ನೇ. ಕುತ್ತಿಗೆಯ ಕೂದಲು ಕತ್ತರಿಸಿ, ಚರ್ಮದ ಮಡಿಕೆಯನ್ನು ಕ್ಯಾಲಿಪರ್‌ನಿಂದ ಅಳೆದು, ಕ್ಷಯದ ರೋಗಾಣುವಿನಿಂದ ತೆಗೆದ ಟ್ಯೂಬರ್‌ಕ್ಯುಲಿನ್ ಅನ್ನು ಚರ್ಮದ ಪದರದೊಳಗೇ ಚುಚ್ಚಿ, 72 ಗಂಟೆಗಳ ನಂತರ ಮತ್ತೆ ಅಳೆಯುತ್ತೇವೆ. ಆದರೆ ನಮ್ಮ ಕಡೆ ಒಂದು ತೊಡಕಿದೆ. ರಾಯ ಕಾಲುವೆ, ಬಸವಣ್ಣ ಕಾಲುವೆಯ ನೀರುಂಡ ಗದ್ದೆಗಳಲ್ಲಿ ನಮ್ಮ ದನಗಳು ಮೇಯುತ್ತವೆ. ನೀರು-ಕೆಸರಿನಲ್ಲಿ ಕ್ಷಯದ ರೋಗಾಣುವಿನ ದೂರದ ಬಳಗದ ಮೈಕೊಬ್ಯಾಕ್ಟೀರಿಯಾಗಳು ಇರುತ್ತವೆ. ಅವುಗಳ ಪರಿಚಯವಿದ್ದರೂ ಚರ್ಮ ಊದಬಹುದು. ಆದ್ದರಿಂದ ಹಕ್ಕಿಯ ಕ್ಷಯದ ಟ್ಯೂಬರ್‌ಕ್ಯುಲಿನ್ ಒಂದೆಡೆ, ದನದ್ದು ಇನ್ನೊಂದೆಡೆ ಚುಚ್ಚಿ ಹೋಲಿಸು. ದನದ ಕಡೆಯ ಊತ 4 ಮಿಲಿಮೀಟರ್‌ಗಿಂತ ಹೆಚ್ಚು ಮೇಲಾದರೆ ಮಾತ್ರ ರೋಗವೆಂದು ಹಿಡಿ. ಇನ್ನೊಂದು ಮಾತು: ರೋಗ ಮೈಯೆಲ್ಲ ಹಬ್ಬಿದ ಆಕಳಲ್ಲಿ, ಈಗಷ್ಟೇ ಕರು ಹಾಕಿದ್ದರಲ್ಲಿ ಚರ್ಮ ಊದದೆಯೂ ಇರಬಹುದು. ಊದಲಿಲ್ಲವೆಂದು ಬಡ ರೈತನಿಗೆ ಭರವಸೆ ಕೊಟ್ಟು ಬರಬೇಡ.

ಆಸ್ಟ್ರೇಲಿಯಾದವರು ರೂಪಿಸಿದ ಇಂಟರ್‌ಫೆರಾನ್-ಗಾಮಾ ರಕ್ತಪರೀಕ್ಷೆಗೆ ಜೀವಂತ ಕೋಶಗಳೇ ಬೇಕು. ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಕ್ತ ಬೆಂಗಳೂರಿಗೆ ಕಳಿಸುವುದಾದರೆ ಅದನ್ನು ಐಸ್‌ನಲ್ಲಿಡಬೇಡ, ಮರುದಿನ ತಪ್ಪದೆ ಲ್ಯಾಬ್ ಸೇರಬೇಕು.

ಆಸ್ಟ್ರೇಲಿಯಾ ಪರೀಕ್ಷಿಸಿ ವಧಿಸುವ ದಾರಿಯಲ್ಲಿ ನಡೆದು 1997ರಲ್ಲಿ ದನದ ಕ್ಷಯದಿಂದ ಮುಕ್ತವಾಯಿತು. ನಮಗೆ ಆ ದಾರಿ ಇಲ್ಲ. ಭಾರತದಲ್ಲಿ ಸೋಂಕಿರುವ ದನ-ಎಮ್ಮೆ ಸುಮಾರು 2.18 ಕೋಟಿ ಇರಬಹುದೆಂದು 2018ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಹಾಗಾಗಿ ನನ್ನ ಆಸೆಯೆಲ್ಲ ಬಿಸಿಜಿ ಲಸಿಕೆಯ ಮೇಲೆ. ನಮ್ಮ ಮಕ್ಕಳಿಗೆ ಹಾಕಿಸುವ ಆ ಲಸಿಕೆಯೇ ಮೂಲತಃ ಆಕಳ ರೋಗಾಣು. ಕಾಲ್ಮೆಟ್ ಮತ್ತು ಗೆರಾನ್ 1908ರಿಂದ 1921ರವರೆಗೆ 230 ಬಾರಿ ಬೆಳೆಸಿ ಬೆಳೆಸಿ ಅದರ ಶಕ್ತಿ ಕುಂದಿಸಿದರು. ಇಥಿಯೋಪಿಯಾದಲ್ಲಿ ಕರುಗಳಿಗೆ ಕೊಟ್ಟು ನೋಡಿದಾಗ ರೋಗ ಹರಡುವುದು ನೂರಕ್ಕೆ 89ರಷ್ಟು ತಗ್ಗಿತೆಂದು 2024ರಲ್ಲಿ ಪ್ರಕಟವಾಯಿತು. ಲಸಿಕೆ ಹಾಕಿದ ದನದ ಚರ್ಮವೂ ಟ್ಯೂಬರ್‌ಕ್ಯುಲಿನ್‌ಗೆ ಊದುತ್ತದೆ ಎಂಬುದು ಹಳೆಯ ತಕರಾರು. ಬಿಸಿಜಿಯಲ್ಲಿ ಇಲ್ಲದ ಇಸಾಟ್-6, ಸಿಎಫ್‌ಪಿ-10 ಪ್ರೋಟೀನುಗಳನ್ನು ಬಳಸಿ ಲಸಿಕೆಯನ್ನೂ ಸೋಂಕನ್ನೂ ಬೇರ್ಪಡಿಸುವ ಪರೀಕ್ಷೆಗಳು ಈಗ ಬಂದಿವೆ. ನಿನ್ನ ಓದು ಅತ್ತ ಸಾಗಲಿ.

ಅಲ್ಲಿಯವರೆಗೆ ಸಂತೆಯಿಂದ ತಂದ ದನವನ್ನು ಪರೀಕ್ಷೆಯಾಗುವ ತನಕ ಬೇರೆ ಕಟ್ಟಿಸು. ಹಸಿ ಹಾಲು ಕುಡಿಯುವ ಮನೆಗಳಲ್ಲಿ ಮಕ್ಕಳ ಕುತ್ತಿಗೆಯ ಗಂಟುಗಳನ್ನು ಮುಟ್ಟಿ ನೋಡು, ಗಂಡಮಾಲೆಗೆ ಇದೂ ಒಂದು ಕಾರಣ; ಹಾಲು ಕುದಿಯಲೇಬೇಕು ಎಂದು ಖಡಾಖಂಡಿತವಾಗಿ ಹೇಳು. ಕೊಟ್ಟಿಗೆಯಲ್ಲಿ ದುಡಿಯುವವರಿಗೆ ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆಗೆ ಕಳಿಸು. ಮನುಷ್ಯರ ಕ್ಷಯವೂ ದನಕ್ಕೆ ಅಂಟುತ್ತದೆ.

ರಜೆಗೆ ಬರುವಾಗ ಕ್ಯಾಲಿಪರ್ ತೆಗೆದುಕೊಂಡು ಬಾ. ಕಾಲುವೆ ಬದಿಯ ಎಮ್ಮೆಯವರಿಗೆ ನಿನ್ನ ಪರವಾಗಿ ಮಾತು ಕೊಟ್ಟಿದ್ದೇನೆ. ಚುಚ್ಚಿದವಳೇ ಮೂರನೆಯ ದಿನ ಅದೇ ಹೊತ್ತಿಗೆ ಹೋಗಿ ಅಳೆಯಬೇಕು, ಇನ್ನೊಬ್ಬರ ಕೈಗೆ ಬಿಡಕೂಡದು.

ನಿನ್ನ ಮಾವ